ಅರವತ್ತು ಗುಳಿಗೆ, ಇಪ್ಪತ್ತೆಂಟು ದಿನ

ಬೆಳಗಿನ ಆರೂಕಾಲು ಗಂಟೆ. ಕಮಲಾಪುರದ ಹೊರಗೆ, ಹುಮನಾಬಾದ್ ರಸ್ತೆಗೆ ತಾಗಿದ ತಗಡಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಕೆಂಪು ಬಾಳೆಯ ಗೊನೆಗಳನ್ನು ಚಿಪ್ಪು ಚಿಪ್ಪಾಗಿ ಬಿಡಿಸಿ ಕ್ರೇಟಿಗೆ ತುಂಬುತ್ತಿದ್ದಾರೆ. ಎಂಟಕ್ಕೆ ಹೈದರಾಬಾದಿನ ಲಾರಿ ಹೊರಡಬೇಕು. ನೆಲದ ಮೇಲೆ ಬಾಳೆಯ ಸೊನೆ ಬಿದ್ದು ಕಾಲಿಟ್ಟಲ್ಲಿ ಜಾರುತ್ತದೆ. ಅದರ ನಡುವೆಯೇ ಬೂದು ಬಣ್ಣದ ಸ್ಕಾರ್ಫು ಕಟ್ಟಿದ ಹುಡುಗಿಯೊಬ್ಬಳು ಖಾಲಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕೂತಿದ್ದಾಳೆ. ತೊಡೆಯ ಮೇಲೆ ರಟ್ಟು, ರಟ್ಟಿಗೆ ಸಿಕ್ಕಿಸಿದ ಫಾರಂ, ಅದಕ್ಕೆ ದಾರ ಕಟ್ಟಿ ತೂಗುಬಿಟ್ಟ ಪೆನ್ನು.

"ಮಾನಮ್ಮಾಯಿ, ಲಕ್ಷ್ಯ ಕೊಟ್ಟು ಕೇಳ್ರಿ. ಒಂದು ಡಬ್ಬಿಯೊಳಗ ಅರವತ್ತು ಗುಳಿಗಿ ಅವ. ದಿನಾ ಎರಡು ನುಂಗಬೇಕು. ಎಷ್ಟು ದಿನಕ್ಕ ಬರ್ತಾವ?"

ಮಾನಮ್ಮ ಅರವತ್ತರ ಆಸುಪಾಸಿನವರು. ಶೆಡ್ಡಿನ ಕೆಲಸದವರಲ್ಲ, ಈ ಫಾರಂ ತುಂಬಿಸಲೆಂದೇ ಹೊಲದ ಮನೆಯಿಂದ ನಡೆದು ಬಂದಿದ್ದಾರೆ. ಸುಮ್ಮನೆ ಕೂರಲಾಗದೆ ಕೈಗೆ ಸಿಕ್ಕ ಗೊನೆಯೊಂದನ್ನು ಬಿಡಿಸುತ್ತಿದ್ದಾರೆ.

"ನಾ ಹೇಳ್ಲೇನು?" ಪಕ್ಕದ ರಾಶಿಯಿಂದ ಚಂದಮ್ಮ ಬಾಯಿ ಹಾಕುತ್ತಾರೆ.

"ನೀ ಸುಮ್ನ ಕೂಡು. ಒಂದು ಸಲ ಪಾಸಾದದ್ದಕ್ಕ ಊರಿಗೆಲ್ಲಾ ಮಾಸ್ತರಾಗ್ಯಾಳ ಇಕಿ."

ಹೆಂಗಸರೆಲ್ಲ ನಗುತ್ತಾರೆ. ಮಾನಮ್ಮ ಗೊನೆ ಕೆಳಗಿಟ್ಟು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಾರೆ. "ಇಪ್ಪತ್ತಾರು."

"ಹ್ಯಾಂಗ್ರಿ ಇಪ್ಪತ್ತಾರು?"

"ಇದ್ದದ್ದು ಮೂವತ್ತು ದಿನದ್ದು ಖರೆ. ಆದ್ರ ನಮ್ಮನಿ ಹಳ್ಳದ ಆಚಿ ಅದ. ಮಳಿ ಹಿಡೀತಂದ್ರ ದಾಟಾಕ ಬರಂಗಿಲ್ಲ. ನಾಕ ದಿನದ್ದು ಮುಟ್ಟಬಾರದು, ಬ್ಯಾರೆ ಇಡಬೇಕು. ಇಪ್ಪತ್ತಾರು ದಿನ ಆತಂದ್ರ ಹೊಸಾದು ತರಾಕ ಹೊಂಟ್ ನಿಲ್ಲೋದೇ."

ಹುಡುಗಿ ಫಾರಂನಲ್ಲಿ 26 ಎಂದು ಬರೆಯುತ್ತಾಳೆ. ಅದರ ಕೆಳಗಿನ ಗೆರೆಯ ಮೇಲೆ ಹಳ್ಳ, ಮಳೆ, ನಾಲ್ಕು ದಿನದ ಗುಳಿಗೆ ಎಲ್ಲವನ್ನೂ ಮಾನಮ್ಮ ಹೇಳಿದ ಹಾಗೆಯೇ ಬರೆದು, ಬಲಗಡೆಯ ಚೌಕದಲ್ಲಿ ಒಂದು ಅಂಕ ಹಾಕುತ್ತಾಳೆ. ಏಳು ತಿಂಗಳ ಹಿಂದಾಗಿದ್ದರೆ ಆ ಚೌಕದಲ್ಲಿ ಸೊನ್ನೆ ಬೀಳುತ್ತಿತ್ತು. ಆ ಒಂದು ಸೊನ್ನೆಯಿಂದಾಗಿ ಎಷ್ಟೋ ಮಂದಿ ತಿಂಗಳ ಔಷಧ ಮನೆಗೆ ಒಯ್ಯುವಂತಿರಲಿಲ್ಲ. ಇದನ್ನು ಬದಲಿಸಿದ ಈ ಹುಡುಗಿಯ ಹೆಸರು ಕೌಸರ್. ಆಸ್ಪತ್ರೆಯ ಯಾವ ಫಲಕದಲ್ಲೂ ಈ ಹೆಸರು ಸಿಗುವುದಿಲ್ಲ.

ಕೌಸರ್‌ಗೆ ಈಗ ಇಪ್ಪತ್ತೊಂದು. ಕಲಬುರಗಿಯಲ್ಲಿ ಬಿಎಸ್ಸಿ ನರ್ಸಿಂಗಿನ ಕೊನೆಯ ವರ್ಷ. ಮನೆ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ನ ಹಿಂದಿನ ಓಣಿಯಲ್ಲಿ. ತಂದೆ ಗುಲಾಮ್ ರಸೂಲ್ ಗಂಜ್‌ನ ಅಡತಿ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ತೊಗರಿ ಚೀಲ ತೂಗುವವರು. ಶುಕ್ರವಾರಗಳಂದು ಆಕೆ ನಾಲ್ಕೂವರೆಗೆ ಎದ್ದು, ನಮಾಜು ಮುಗಿಸಿ, ಮೊದಲ ಬಸ್ಸು ಹಿಡಿಯುತ್ತಾಳೆ. ಒಂಬತ್ತೂಕಾಲಿಗೆ ಮತ್ತೆ ನಗರದಲ್ಲಿರಬೇಕು, ಹತ್ತಕ್ಕೆ ವಾರ್ಡಿನ ಡ್ಯೂಟಿ. ಸಂಜೆ ಜೇವರ್ಗಿ ಕಾಲೋನಿಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಕಾಲೇಜಿನ ಫೀಸಿನ ಒಂದು ಭಾಗ ಅಲ್ಲಿಂದಲೇ ಹೊರಡುತ್ತದೆ. ಗಣಿತವನ್ನೇ ಓದುವ ಆಸೆ ಇತ್ತು. "ಅಬ್ಬಾ ಕೇಳಿದ್ರು, ಗಣಿತ ಓದಿದ್ರ ನೌಕರಿ ಯಾವಾಗ ಬರ್ತದ ಅಂತ. ನನಗ ಉತ್ತರ ಗೊತ್ತಿರಲಿಲ್ಲ. ನರ್ಸಿಂಗ್ ಸೇರ್ಕೊಂಡೆ," ಎನ್ನುತ್ತಾಳೆ. ಹೇಳುವಾಗ ದನಿಯಲ್ಲಿ ದೂರಿಲ್ಲ.

ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ನಗರದ ಆಸ್ಪತ್ರೆಯೊಂದರಲ್ಲಿ ಎಂಟು ವಾರದ ಸಂಶೋಧನಾ ಇಂಟರ್ನ್‌ಶಿಪ್ ಇರುತ್ತದೆ. ಗೆಳತಿಯರು ತಾಯಂದಿರ ಆರೋಗ್ಯ, ಮಕ್ಕಳ ಲಸಿಕೆಯಂಥ ವಿಷಯಗಳನ್ನು ಆರಿಸಿಕೊಂಡರು. ಯಾರೂ ಕೇಳದೆ ಉಳಿದದ್ದು ಒಂದು: ರೋಗಿಗಳ ಲೆಕ್ಕಜ್ಞಾನವನ್ನು ಅಳೆಯುವ ಪರೀಕ್ಷೆಗಳ ಪರಿಶೀಲನೆ. ಔಷಧದ ಪ್ರಮಾಣ, ದಿನ, ಹೊತ್ತು ಇವುಗಳ ಲೆಕ್ಕ ರೋಗಿಗೆ ಎಷ್ಟು ತಿಳಿಯುತ್ತದೆ ಎಂದು ನೋಡಲು ಆಸ್ಪತ್ರೆಗಳು ಬಳಸುವ ಪ್ರಶ್ನೆಪಟ್ಟಿಗಳನ್ನು ಓದಿ ವರದಿ ಬರೆಯುವುದು. ಕೌಸರ್ ಅದನ್ನೇ ತೆಗೆದುಕೊಂಡಳು. "ರದ್ದಿ ಪೇಪರಿನ ಕೆಲಸ ಅಂತ ಕಾಡಿಸ್ತಿದ್ರು. ಲೆಕ್ಕ ಅನ್ನೋ ಪದ ಇತ್ತಲ್ರಿ, ಅಷ್ಟಕ್ಕ ತಗೊಂಡೆ."

ಆ ಆಸ್ಪತ್ರೆಯಲ್ಲೇ ಅಂಥದೊಂದು ಫಾರಂ ಬಳಕೆಯಲ್ಲಿತ್ತು. ಸಕ್ಕರೆ ಕಾಯಿಲೆಯವರಿಗೆ ಅಲ್ಲಿ ಇನ್ಸುಲಿನ್ ಪೆನ್ನು, ಸೂಜಿ, ಗುಳಿಗೆ ಎಲ್ಲ ಸೇರಿಸಿ ತಿಂಗಳಿಗಾಗುವಷ್ಟು ಔಷಧವನ್ನು ಒಂದೇ ಪೆಟ್ಟಿಗೆಯಲ್ಲಿ ಕೊಟ್ಟು ಕಳಿಸುತ್ತಾರೆ. ಒಮ್ಮೆ ಯಾರೋ ಮನೆಯಲ್ಲಿ ತಪ್ಪು ಪ್ರಮಾಣ ಚುಚ್ಚಿಕೊಂಡು ಅಪಾಯವಾದ ಮೇಲೆ ಆಸ್ಪತ್ರೆ ಹೆದರಿತು. ಬೇರೆ ದೇಶದ ಪ್ರಶ್ನೆಪಟ್ಟಿಯೊಂದನ್ನು ಕನ್ನಡಕ್ಕೆ ತರಿಸಿತು. ಎಂಟು ಪ್ರಶ್ನೆ, ಎಂಟು ಅಂಕ. ಆರು ಬಂದವರಿಗೆ ತಿಂಗಳ ಪೆಟ್ಟಿಗೆ. ಅದಕ್ಕಿಂತ ಕಡಿಮೆ ಬಂದವರು ಪ್ರತಿ ಸೋಮವಾರ ಆಸ್ಪತ್ರೆಗೆ ಬಂದು, ನರ್ಸಿನ ಎದುರು ಲೆಕ್ಕ ಒಪ್ಪಿಸಿ, ಒಂದು ವಾರದ ಔಷಧ ಮಾತ್ರ ಒಯ್ಯಬೇಕು. ಆ ಎಚ್ಚರಿಕೆಯನ್ನು ತಪ್ಪೆನ್ನಲಾಗದು. ಇನ್ಸುಲಿನ್ ಪ್ರಮಾಣ ತಪ್ಪಿದರೆ ಮನುಷ್ಯ ಉಳಿಯುವುದೇ ಕಷ್ಟ.

ಹೀಗೆ ತುಂಬಿದ ಹಳೆಯ ಫಾರಂಗಳು ದಾಖಲೆ ಕೋಣೆಯಲ್ಲಿದ್ದವು. ಒಟ್ಟು ನಾನೂರ ಹನ್ನೆರಡು. ಸರಿ ಉತ್ತರಕ್ಕೆ ಒಂದು, ತಪ್ಪಿಗೆ ಸೊನ್ನೆ ಎಂದು ಅವನ್ನು ಕಂಪ್ಯೂಟರಿಗೆ ಏರಿಸುವುದು ಕೌಸರ್‌ಳ ಮೊದಲ ಕೆಲಸ. ಆಕೆ ಒಂದು, ಸೊನ್ನೆಯ ಪಕ್ಕದಲ್ಲಿ ರೋಗಿ ಕೊಟ್ಟ ಉತ್ತರಗಳನ್ನೂ ಬರೆಯತೊಡಗಿದಳು. ಯಾರೂ ಹೇಳಿರಲಿಲ್ಲ. ನಾನೂರ ಹನ್ನೆರಡು ಫಾರಂ, ಮೂರು ಸಾವಿರದ ಇನ್ನೂರ ತೊಂಬತ್ತಾರು ಉತ್ತರ. ಹನ್ನೆರಡು ದಿನ ಹಿಡಿಯಿತು.

ದಾಖಲೆ ಕೋಣೆಯ ಗುಮಾಸ್ತ ಹಣಮಂತರಾಯ ಈಗಲೂ ಅದನ್ನು ನೆನೆದು ನಗುತ್ತಾರೆ. "ನಾ ದಿನಾ ಬೈತಿದ್ದೆ ಇಕಿಗಿ. ಏ ತಂಗಿ, ಒಂದು ಸೊನ್ನಿ ಹೊಡದು ಮನಿಗಿ ಹೋಗು, ನಂದು ಕೀಲಿ ಹಾಕೋ ಟೈಮ್ ಆಗ್ಯದ ಅಂತ. ಇನ್ನೊಂದ ಹತ್ತ ಫಾರಂ ಅಂಕಲ್, ಅಂತಿದ್ಲು. ದಿನಾ ಅದೇ ಹತ್ತ ಫಾರಂ."

ಆರನೆಯ ಪ್ರಶ್ನೆಯೇ ಅರವತ್ತು ಗುಳಿಗೆಯದು. ಸರಿ ಉತ್ತರ ಮೂವತ್ತು. ಇನ್ನೂರ ಇಪ್ಪತ್ತೊಂದು ಮಂದಿ ಮೂವತ್ತು ಎಂದಿದ್ದರು. ತಪ್ಪು ಹೇಳಿದವರಲ್ಲಿ ಒಬ್ಬರು ಹದಿನೈದು, ಇನ್ನೊಬ್ಬರು ನೂರ ಇಪ್ಪತ್ತು, ಮತ್ತೊಬ್ಬರು ಗೊತ್ತಿಲ್ಲ ಎಂದು ಹತ್ತು ದಿಕ್ಕಿಗೆ ಚದುರಿದ್ದರು. ಆದರೆ ಅರವತ್ತಮೂರು ಮಂದಿ ಚದುರಿರಲಿಲ್ಲ. ಎಲ್ಲರದೂ ಒಂದೇ ತಪ್ಪು: ಇಪ್ಪತ್ತೆಂಟು. ಅವರಲ್ಲಿ ನಲವತ್ತೊಂಬತ್ತು ಮಂದಿ ಕಮಲಾಪುರ ಮತ್ತು ಅದರ ಸುತ್ತಲಿನವರು. ಅರವತ್ತಮೂರರಲ್ಲಿ ನಲವತ್ತನಾಲ್ಕು ಮಂದಿಗೆ ಎಂಟಕ್ಕೆ ಐದೇ ಅಂಕ ಬಂದಿತ್ತು. ಆರನೆಯ ಪ್ರಶ್ನೆಯ ಸೊನ್ನೆ ಒಂದಾಗಿದ್ದರೆ ಅಷ್ಟೂ ಜನ ಪಾಸು.

ಆ ರಾತ್ರಿ ಊಟಕ್ಕೆ ಕೂತಾಗ ಕೌಸರ್ ತಂದೆಯ ಮುಂದೆ ಇದನ್ನು ಹೇಳಿದಳು. ಅವರು ಹೇಳಿದ್ದನ್ನು ಅವರ ಬಾಯಲ್ಲೇ ಕೇಳಲೆಂದು ಗಂಜ್‌ಗೆ ಹೋದರೆ, ಗುಲಾಮ್ ರಸೂಲ್ ಕಾಂಟಾದ, ಎಂದರೆ ತೂಕದ ಯಂತ್ರದ, ಪಕ್ಕ ನಿಂತೇ ಮಾತಾಡುತ್ತಾರೆ. ಒಂದು ಕಣ್ಣು ಚೀಲದ ಮೇಲೆ. "ನಮ್ಮ ಕಾಂಟಾದ ಕಥಿ ಅದು, ಅಕ್ಕಾರ. ಒಂದು ಚೀಲ ಅರ್ಧ ಕಿಲೋ ಕಮ್ಮಿ, ಒಂದು ಪಾವ್ ಕಿಲೋ ಜಾಸ್ತಿ ಬಂತಂದ್ರ ತುಂಬಿದವನ ಕೈ ತಪ್ಪ್ಯದ. ಐವತ್ತು ಚೀಲಾನೂ ಬರೋಬ್ಬರಿ ಅಷ್ಟಕ್ಕಷ್ಟ ಕಮ್ಮಿ ಬಂತಂದ್ರ? ರೈತರೆಲ್ಲಾ ಕೂಡಿ ತಪ್ಪು ಮಾಡ್ಯಾರೇನು? ಪೈಲೆ ಕಾಂಟಾ ದೇಖ್ ಬೇಟಾ, ಮೊದಲ ಕಾಂಟಾ ನೋಡು, ಅಂದೆ. ಅಷ್ಟೇರಿ ನಾ ಅಂದದ್ದು."

ಕೌಸರ್ ಮರುದಿನ ಅರವತ್ತಮೂರು ಫಾರಂಗಳನ್ನು ಬೇರೆ ಮಾಡಿಟ್ಟಳು. ಅವುಗಳಲ್ಲಿ ಒಂದರ ಮೇಲೆ ತನ್ನದೇ ಕೈಬರಹ ಕಂಡಿತು.

ಎರಡನೆಯ ವರ್ಷದಲ್ಲಿ ಹೊರರೋಗಿ ವಿಭಾಗದಲ್ಲಿ ಫಾರಂ ತುಂಬಿಸುವ ಕೆಲಸಕ್ಕೆ ಆಕೆಯನ್ನು ಹಾಕಿದ್ದರು. ಈ ಫಾರಂ ಆಗಿನದು: ಕಮಲಾಪುರದ ಚಂದಮ್ಮ, ವಯಸ್ಸು ಐವತ್ತನಾಲ್ಕು, ಶಾಲೆಗೆ ಹೋಗಿಲ್ಲ, ಬಾಳೆ ಶೆಡ್ಡಿನಲ್ಲಿ ಕೆಲಸ. ಆಗ ನಡೆದದ್ದೂ ಕೌಸರ್‌ಗೆ ನೆನಪಾಯಿತು. "ಇಪ್ಪತ್ತೆಂಟು ಅಂದ್ರು. ಸರಿಯಾಗಿ ವಿಚಾರ ಮಾಡ್ರಿ ಆಯಿ ಅಂದೆ. ನನ್ನ ಮುಖ ನೋಡಿ, ಇಪ್ಪತ್ತೆಂಟ, ಅಂತ ಗಟ್ಟಿಯಾಗಿ ಅಂದ್ರು. ಹಿಂದ ಭಾಳ ಮಂದಿ ನಿಂತಿದ್ರು. ನಾ ಸೊನ್ನಿ ಹಾಕಿ, ಮುಂದಿನವರು ಬರ್ರಿ ಅಂದೆ." ಇಷ್ಟು ಹೇಳಿ ಕೌಸರ್ ಪೆನ್ನಿನ ದಾರವನ್ನು ಬೆರಳಿಗೆ ಸುತ್ತುತ್ತಾಳೆ. "ಯಾಕ್ರಿ ಅಂತ ಒಂದ್ ಮಾತು ಕೇಳಿದ್ರ ಎರಡು ನಿಮಿಷದ ಕೆಲಸ ಇತ್ತು."

ಆದರೆ ಇಂಟರ್ನ್‌ಶಿಪ್ ಇದ್ದದ್ದು ಕಾಗದ ಓದಲು. ಮಾರ್ಗದರ್ಶಕಿ ಡಾ. ವಿಜಯಶ್ರೀ ಮೊದಲು ಒಪ್ಪಲಿಲ್ಲ. ಫಾರಂ ಮೇಲಿನ ವಿಳಾಸ ಹಿಡಿದುಕೊಂಡು ರೋಗಿಗಳ ಮನೆ ಹುಡುಕಿ ಹೋಗುವಂತಿಲ್ಲ, ಅದು ಅವರ ಖಾಸಗಿ ಮಾಹಿತಿ ಎಂದರು. ಎರಡು ದಿನ ಬಿಟ್ಟು ಕೌಸರ್ ಅರ್ಜಿ ಬರೆದುಕೊಂಡು ಮತ್ತೆ ಅವರ ಬಾಗಿಲಿಗೆ ಹೋದಳು. ಆಸ್ಪತ್ರೆಯ ನೀತಿ ಸಮಿತಿಯ ಒಪ್ಪಿಗೆ ಬರಲು ಹದಿನಾರು ದಿನ. ಎಂಟು ವಾರದಲ್ಲಿ ಅಷ್ಟು ಹೋಯಿತು. ಆ ದಿನಗಳಲ್ಲಿ ಆಕೆ ಜಗತ್ತಿನ ಬೇರೆ ಬೇರೆ ಕಡೆ ನಡೆದ ಮೂವತ್ತೆಂಟು ಅಧ್ಯಯನಗಳನ್ನು ಓದಿದಳು. ಬಹುತೇಕ ಎಲ್ಲವೂ ಉತ್ತರಕ್ಕೆ ಅಂಕ ಕೊಟ್ಟಿದ್ದವು. ಉತ್ತರ ಬಂದ ದಾರಿಯನ್ನು ರೋಗಿಯಿಂದಲೇ ಕೇಳಿ ಬರೆದುಕೊಂಡವು ಎರಡೇ.

ಒಪ್ಪಿಗೆ ಬಂದ ದಿನ ಡಾ. ವಿಜಯಶ್ರೀ ತಾವೇ ಫೋನು ಹಚ್ಚಿ ಒಬ್ಬೊಬ್ಬರನ್ನೂ ಕೇಳಿದರು. ಚಂದಮ್ಮ ಒಂದೇ ಶರತ್ತು ಹಾಕಿದರು. ಬರುವುದಾದರೆ ಲಾರಿ ತುಂಬುವ ಮೊದಲು, ಶೆಡ್ಡಿಗೇ ಬರಬೇಕು.

ಹಾಗೆ ಮೊದಲ ಬಾರಿ ಈ ಶೆಡ್ಡಿಗೆ ಬಂದಾಗ ಕೌಸರ್ ಕಂಡದ್ದು ಚಂದಮ್ಮನ ಎಡಗಾಲಿಗೆ ಸುತ್ತಿದ್ದ ಬಟ್ಟೆ. ಹೆಬ್ಬೆರಳ ಪಕ್ಕ ಹುಣ್ಣಾಗಿ ಕೀವು ತುಂಬಿತ್ತು. ಶೆಡ್ಡಿನಿಂದ ವಾರಕ್ಕೆ ಎರಡು ಲಾರಿ ಹೋಗುತ್ತವೆ, ಸೋಮವಾರ ಮತ್ತು ಶುಕ್ರವಾರ. ಸೋಮವಾರದ್ದು ದೊಡ್ಡದು. ಪ್ರತಿ ಸೋಮವಾರ ಆಸ್ಪತ್ರೆಗೆ ಹೋಗುವ ಚಂದಮ್ಮನಿಗೆ ಗುತ್ತೇದಾರ ಹೇಳಿಬಿಟ್ಟಿದ್ದ: ದೊಡ್ಡ ಲಾರಿಗೆ ಕೈ ಸಿಗದವರನ್ನು ಇಟ್ಟುಕೊಳ್ಳಲಾಗದು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿರುವುದು ಈ ಶೆಡ್ಡಿನಿಂದಲೇ. ಅವರು ಸೋಮವಾರದ ಆಸ್ಪತ್ರೆ ಬಿಟ್ಟರು. ಮೊದಲು ಒಂದು ಸೋಮವಾರ, ಆಮೇಲೆ ಸಾಲಾಗಿ ಮೂರು. ಇನ್ಸುಲಿನ್ ಇಲ್ಲದ ಆ ವಾರಗಳಲ್ಲಿ ಕಾಲಿನ ಸಣ್ಣ ಗೀರು ಹುಣ್ಣಾಯಿತು.

"ನನಗ ಐದು ಮಾರ್ಕ್ ಬಿದ್ದಾವಂತ ಹೇಳಿದ್ರು," ಚಂದಮ್ಮ ಆ ದಿನದ್ದನ್ನು ಹೇಳುತ್ತಾರೆ, ಕೈ ಮಾತ್ರ ಗೊನೆ ಬಿಡುವುದಿಲ್ಲ. "ಶಾಲಿ ಕಟ್ಟಿ ಹತ್ತದಾಕಿಗಿ ಐದು ಬಿದ್ದದ್ದ ಭಾಳ ಅಂತ ಖುಷಿ ಪಟ್ಟಿದ್ದೆ ನಾ. ಆಮ್ಯಾಲ ಗೊತ್ತಾತು, ಆರು ಬಿದ್ರನ ಔಷಧ ಅಂತ. ಒಂದು ಮಾರ್ಕಿಗಿ ನನ್ನ ಕಾಲು ಹೋಗೋದಿತ್ತು."

ಕೌಸರ್ ಅರವತ್ತು ಗುಳಿಗೆಯ ಪ್ರಶ್ನೆ ಮತ್ತೆ ಕೇಳಿದಳು. ಮತ್ತೆ ಇಪ್ಪತ್ತೆಂಟು. ಈ ಸಲ ಯಾಕೆಂದೂ ಕೇಳಿದಳು. ಚಂದಮ್ಮ ಎದ್ದು ಕುಂಟುತ್ತ ಹೋಗಿ ಶೆಡ್ಡಿನ ಮೂಲೆ ತೋರಿಸಿದರು. ಅಲ್ಲಿ ಗೋಣಿಯ ಮೇಲೆ ಒಂದಷ್ಟು ಬಾಳೆ ಚಿಪ್ಪುಗಳು ಬೇರೆಯಾಗಿ ಕೂತಿದ್ದವು. ಪ್ರತಿ ಲಾರಿ ತುಂಬುವಾಗಲೂ ಇಲ್ಲಿನ ಹೆಂಗಸರು ಇಂತಿಷ್ಟು ಚಿಪ್ಪುಗಳನ್ನು ಲೆಕ್ಕಕ್ಕೆ ಹಿಡಿಯದೆ ಎತ್ತಿಡುತ್ತಾರೆ. ತುಂಬುವಾಗ ಜಜ್ಜಿದ್ದರ, ಕಳಚಿದ್ದರ ಜಾಗಕ್ಕೆ ಅವು ಹೋಗುತ್ತವೆ. ಅವನ್ನು ಸೇರಿಸಿ ಲೆಕ್ಕ ಹೇಳಿದ ಹೊಸಬಳಿಗೆ ಬೈಗುಳ ಖಾತ್ರಿ.

"ಎಲ್ಲಾ ತುಂಬಿಬಿಟ್ರ ಕೆಟ್ಟದ್ದಕ್ಕ ಏನು ಹಾಕ್ತಿ?" ಎಂದು ಚಂದಮ್ಮ ಆವತ್ತು ಕೇಳಿದ್ದರಂತೆ. "ಗುಳಿಗೀದೂ ಹಂಗ. ನಾ ಹೋದ ದಿನ ಡಾಕ್ಟರ ಇರಂಗಿಲ್ಲ, ಇಲ್ಲಾಂದ್ರ ಔಷಧ ಮುಗದದ ನಾಳಿ ಬಾ ಅಂತಾರ. ಎರಡು ದಿನದ್ದು ಕೈಯಾಗ ಇರಬೇಕು. ಮೂವತ್ತು ದಿನಾನೂ ನುಂಗಿ ಕೂತ್ರ ಮೂವತ್ತೊಂದನೇ ದಿನ ನಿಮ್ಮಪ್ಪ ತಂದ್ಕೊಡ್ತಾನೇನು?"

ಶೆಡ್ಡೆಲ್ಲ ನಕ್ಕಿತು. ಕೌಸರ್ ನಗಲಿಲ್ಲ.

"ಆಯಿ, ನಿಮಗ ಆ ಸೊನ್ನಿ ಹಾಕಿದಾಕಿ ನಾನ," ಎಂದಳು.

ಚಂದಮ್ಮ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ಹಾಕಿದ್ರ ಹಾಕಿದ್ದಿ. ಈಗ ತಗಿ."

ತೆಗೆಯುವುದು ಆಕೆಯ ಕೈಯಲ್ಲಿರಲಿಲ್ಲ. ಅದಕ್ಕೂ ಆಸ್ಪತ್ರೆಯ ಸಮಿತಿಯೇ ಒಪ್ಪಬೇಕು. ಉಳಿದದ್ದು ಮೂರು ವಾರ. ಡಾ. ವಿಜಯಶ್ರೀ ಮಾತಾಡಿ ಕಮಲಾಪುರದಲ್ಲೇ ದಿನವೂ ಹುಣ್ಣಿಗೆ ಪಟ್ಟಿ ಕಟ್ಟುವ ಏರ್ಪಾಡು ಮಾಡಿಸಿದರು. ಆದರೆ ಒಂದು ತಿಂಗಳ ಪೆಟ್ಟಿಗೆ ಕೊಡುವ ಅಧಿಕಾರ ಅವರಿಗೂ ಇರಲಿಲ್ಲ. ಸಕ್ಕರೆ ಹತೋಟಿಗೆ ಬರದೆ ಹುಣ್ಣು ಮಾಯುವುದಿಲ್ಲ, ಸೋಮವಾರ ಆಸ್ಪತ್ರೆಗೆ ಹೋಗದೆ ಸಕ್ಕರೆ ಹತೋಟಿಗೆ ಬರುವುದಿಲ್ಲ, ಸೋಮವಾರ ಶೆಡ್ಡು ಬಿಟ್ಟರೆ ಕೆಲಸ ಉಳಿಯುವುದಿಲ್ಲ. ಬೆರಳು ತೆಗೆಯಬೇಕಾದೀತು ಎಂದು ಪಟ್ಟಿ ಕಟ್ಟುವವರು ಎರಡು ಸಲ ಎಚ್ಚರಿಸಿದ್ದರು.

ಅರವತ್ತಮೂರರಲ್ಲಿ ಐವತ್ತೊಂದು ಮಂದಿಯನ್ನು ಕೌಸರ್ ಮಾತಾಡಿಸಿದಳು. ಒಬ್ಬೊಬ್ಬರ ಕಾರಣವೂ ಅವರವರ ಕೆಲಸದ್ದು, ಆದರೆ ತೆಗೆದಿಟ್ಟದ್ದು ಎಲ್ಲರೂ ಎರಡೇ ದಿನದ್ದು. ಕಾರಣಗಳಷ್ಟೇ ಸಾಲವು ಎಂಬ ಅಳುಕು ಆಕೆಗಿತ್ತು. ಹಾಗಾಗಿ ಮತ್ತೆ ಹಣಮಂತರಾಯರ ಮುಂದೆ ನಿಂತಳು. ಈ ಫಾರಂ ಬರುವ ಮೊದಲು ಎಲ್ಲರಿಗೂ ತಿಂಗಳ ಔಷಧವೇ ಸಿಗುತ್ತಿತ್ತು. ಆಗ ಯಾರು ಔಷಧ ಮುಗಿಯುವ ಮೊದಲೇ ಬಂದರು, ಯಾರು ಮುಗಿದು ದಿನಗಳಾದ ಮೇಲೆ ಬಂದರು ಎಂಬುದು ಔಷಧ ಕೌಂಟರಿನ ಹಳೆಯ ಪುಸ್ತಕಗಳಲ್ಲಿತ್ತು.

"ಆರು ಪುಸ್ತಕ, ಮಾಡದ ಮ್ಯಾಲ ಇದ್ವು, ಇಲಿ ಕಡದದ್ದು," ಎನ್ನುತ್ತಾರೆ ಹಣಮಂತರಾಯ. "ಏಣಿ ನಾನ ಹಿಡದೆ. ಬಿದ್ರ ನಿಮ್ಮಪ್ಪ ನನ್ನ ಅದೇ ಕಾಂಟಾದಾಗ ಹಾಕಿ ತೂಗ್ತಾನ, ಸಾವಕಾಶ ಏರು, ಅಂದೆ."

ಪುಸ್ತಕಗಳು ಹೇಳಿದ್ದು ಇಷ್ಟು. ಮೂವತ್ತು ಎಂದು ಸರಿ ಉತ್ತರ ಕೊಟ್ಟ ಇನ್ನೂರ ಇಪ್ಪತ್ತೊಂದು ಮಂದಿಯಲ್ಲಿ ಎಪ್ಪತ್ತನಾಲ್ಕು ಮಂದಿ ಒಂದಲ್ಲ ಒಂದು ಸಲ ಔಷಧ ತೀರಿ ದಿನಗಳಾದ ಮೇಲೆ ಬಂದಿದ್ದರು. ಇಪ್ಪತ್ತೆಂಟು ಎಂದು ತಪ್ಪಿದ ಅರವತ್ತಮೂರರಲ್ಲಿ ಹಾಗೆ ಬಂದವರು ಐದೇ ಮಂದಿ.

ಇಂಟರ್ನ್‌ಶಿಪ್ಪಿನ ಕೊನೆಯ ಶುಕ್ರವಾರ ಸಮಿತಿಯ ಸಭೆ. ವಿದ್ಯಾರ್ಥಿಗಳಿಗೆ ತಲಾ ಹತ್ತು ನಿಮಿಷ. ಕೌಸರ್‌ಳದು ಊಟಕ್ಕೆ ಮುಂಚಿನ ಕೊನೆಯ ಸರದಿ, ಅರ್ಧ ಜನ ಗಡಿಯಾರ ನೋಡುತ್ತಿದ್ದರು. ಆ ದಿನದ ಮಾತುಗಳನ್ನು ಡಾ. ವಿಜಯಶ್ರೀ ನೆನಪಿನಿಂದ ಹೇಳಿದ್ದಾರೆ, ಕೌಸರ್ ಹೌದೆಂದು ಒಪ್ಪಿದ್ದಾಳೆ.

ಮೊದಲ ತಕರಾರು ಸಮಿತಿಯ ಹಿರಿಯ ವೈದ್ಯರದು. "ಅರವತ್ತನ್ನ ಎರಡರಿಂದ ಭಾಗಿಸಿದ್ರ ಮೂವತ್ತಮ್ಮಾ. ಇದರಾಗ ಚರ್ಚೆ ಮಾಡಾಕ ಏನದ?"

ಕೌಸರ್ ತಿರುಗಿ ಕೇಳಿದಳು, "ಸರ್, ನೀವು ದಿನಾ ಗುಳಿಗಿ ತಗೋತೀರೇನ್ರಿ?"

"ಬಿಪಿದು ತಗೋತೀನಿ. ಹತ್ತು ವರ್ಷ ಆತು."

"ಒಂದು ತಿಂಗಳದ್ದು ತಂದ್ರ, ಮುಂದಿಂದು ಯಾವಾಗ ತರಸ್ತೀರಿ?"

"ಒಂದು ವಾರ ಇರೋದ್ರೊಳಗ ತರಸಿಬಿಡ್ತೀನಿ. ಮುಗಿಯೋತನಕ ಯಾರು ಕೂಡ್ತಾರ?"

"ಹಂಗಾದ್ರ ನಿಮ್ಮ ಉತ್ತರ ಇಪ್ಪತ್ತಮೂರು ಆತ್ರಿ ಸರ್. ನಮ್ಮ ಫಾರಂನಾಗ ಅದಕ್ಕ ಸೊನ್ನಿ."

ಹಿರಿಯ ವೈದ್ಯರೇ ಮೊದಲು ಮೇಜು ಬಡಿದು ನಕ್ಕರು. "ಬರ್ಕೋರಿ ವಿಜಯಶ್ರೀ, ಮುಂದಿನ ಸೋಮವಾರದಿಂದ ನಾನೂ ವಾರದ ಔಷಧಕ್ಕ ಸಾಲಿನಾಗ ನಿಲ್ಲಬೇಕು!"

ನಗು ಇಳಿದ ಮೇಲೆ ಕೌಸರ್ ಔಷಧ ಪುಸ್ತಕದ ಅಂಕಿಗಳನ್ನು ಪರದೆಯ ಮೇಲೆ ತೋರಿಸಿದಳು. ಎಪ್ಪತ್ತನಾಲ್ಕು, ಐದು. ಬಳಿಕ ಒಂದು ಮಾತು ಕೇಳಿದಳು. "ನಮಗ ಗೊತ್ತಾಗಬೇಕಾದದ್ದು ರೋಗಿಗೆ ಭಾಗಾಕಾರ ಬರ್ತದೋ ಇಲ್ಲೋ ಅಂತನೋ, ಔಷಧ ಒಂದಿನಾನೂ ತಪ್ಪಿಸ್ತಾರೋ ಇಲ್ಲೋ ಅಂತನೋ?"

ಹತ್ತು ನಿಮಿಷದ ಸರದಿ ಐವತ್ತು ನಿಮಿಷ ನಡೆಯಿತು. ಊಟ ಆರಿತು. ಫಾರಂನ ಪ್ರತಿ ಲೆಕ್ಕದ ಕೆಳಗೂ 'ಈ ಉತ್ತರ ಹೇಗೆ ಬಂತು?' ಎಂದು ಕೇಳಿ ಬರೆಯಲು ಒಂದು ಗೆರೆ ಸೇರಿಸಬೇಕು. ಕಾರಣ ಸರಿಯಿದ್ದರೆ ಅಂಕ ಕೊಡಬೇಕು. ಆರಕ್ಕಿಂತ ಕಡಿಮೆ ಬಂದಿದ್ದ ನೂರ ನಲವತ್ತೊಂಬತ್ತು ಮಂದಿಯನ್ನೂ ಹೊಸದಾಗಿ ಕೇಳಬೇಕು ಎಂದು ತೀರ್ಮಾನವಾಯಿತು. ಇನ್ಸುಲಿನ್ ಎಷ್ಟು ಚುಚ್ಚಿಕೊಳ್ಳಬೇಕೆಂಬ ಪ್ರಶ್ನೆಗಳಲ್ಲಿ ಮಾತ್ರ ಸಡಿಲಿಕೆ ಇಲ್ಲ. ಅದನ್ನು ಬರೆಸಿದವಳೂ ಕೌಸರೇ. ಅಲ್ಲಿ ಕಾರಣ ಎಷ್ಟೇ ಚೆನ್ನಾಗಿದ್ದರೂ ತಪ್ಪು ತಪ್ಪೇ ಎನ್ನುತ್ತಾಳೆ.

ಚಂದಮ್ಮ ಹೇಳಿದ ಕಾರಣ ಆಗಲೇ ದಾಖಲಾಗಿತ್ತು. ಹಾಗಾಗಿ ಅದೇ ಸಂಜೆ ಮೊದಲು ತಿದ್ದಿದ ಫಾರಂ ಅವರದು. ಐದು ಹೋಗಿ ಆರಾಯಿತು. ತಿಂಗಳ ಪೆಟ್ಟಿಗೆಯನ್ನು ಕೌಸರ್ ಶನಿವಾರದ ಮೊದಲ ಬಸ್ಸಿನಲ್ಲಿ ತಾನೇ ಒಯ್ದಳು, ಮಡಿಲಲ್ಲಿಟ್ಟುಕೊಂಡು. ಸೋಮವಾರ ಚಂದಮ್ಮ ದೊಡ್ಡ ಲಾರಿ ತುಂಬಿದರು. ಹುಣ್ಣು ಮಾಯಲು ಒಂದೂವರೆ ತಿಂಗಳು ಬೇಕಾಯಿತು. ಬೆರಳು ಉಳಿಯಿತು.

ಮನೆಯಲ್ಲಿ ಫ್ರಿಜ್ ಇಲ್ಲದ ಚಂದಮ್ಮ ಇನ್ಸುಲಿನ್ನನ್ನು ಒದ್ದೆ ಮರಳು ತುಂಬಿದ ಮಣ್ಣಿನ ಕುಡಿಕೆಯೊಳಗೆ ಇಡುತ್ತಾರೆ. ಈ ಕುಡಿಕೆಯನ್ನು ನೋಡಲು ಶೆಡ್ಡಿನ ಹೆಂಗಸರೆಲ್ಲ ಒಮ್ಮೊಮ್ಮೆ ಬಂದು ಹೋಗಿದ್ದಾರೆ. "ಹೊಸಾ ಸೊಸಿ ಬಂದಾಗೂ ಇಷ್ಟ ಮಂದಿ ಬಂದಿರಲಿಲ್ಲ," ಎನ್ನುತ್ತಾರೆ ಅವರು. ಕಾಲು ಚಾಚಿ ಹೆಬ್ಬೆರಳು ತೋರಿಸುತ್ತಾರೆ. ಗಾಯದ ಕಲೆ ಒಂದು ತೊಗರಿಕಾಳಿನಷ್ಟು ಉಳಿದಿದೆ.

ಇಂಟರ್ನ್‌ಶಿಪ್ ಮುಗಿದು ಈಗ ಐದು ತಿಂಗಳು. ಪ್ರಮಾಣಪತ್ರದಲ್ಲಿ 'ತೃಪ್ತಿಕರ' ಎಂದಿದೆ. ಹೊಸ ಫಾರಂ ಮೇಲೆ ಆಸ್ಪತ್ರೆಯ ಮುದ್ರೆ ಇದೆ, ಬೇರೆ ಹೆಸರಿಲ್ಲ. ನೂರ ನಲವತ್ತೊಂಬತ್ತು ಮಂದಿಯನ್ನು ಮತ್ತೆ ಕೇಳುವ ಕೆಲಸಕ್ಕೆ ಯಾರೂ ಮುಂದೆ ಬರದಿದ್ದಾಗ ಕೌಸರ್ ತಾನೇ ಒಪ್ಪಿಕೊಂಡಳು. ಅಂದಿನಿಂದ ಶುಕ್ರವಾರದ ಬೆಳಗುಗಳು ಇದಕ್ಕೇ ಮೀಸಲು. ಇಂದಿನ ಮಾನಮ್ಮ ನೂರ ಹದಿನೆಂಟನೆಯವರು. ಈವರೆಗೆ ತೊಂಬತ್ತಾರು ಮಂದಿಗೆ ತಿಂಗಳ ಪೆಟ್ಟಿಗೆ ಸಿಕ್ಕಿದೆ. ಅವರಲ್ಲಿ ಒಬ್ಬರೂ ಔಷಧ ತೀರಿದ ಮೇಲೆ ಬಂದಿಲ್ಲ. ಈ ಮಾತನ್ನು ಹಣಮಂತರಾಯ ಪುಸ್ತಕ ತೆರೆದು, ಬೆರಳಿಟ್ಟು ತೋರಿಸುತ್ತಾರೆ.

ಮಾನಮ್ಮನ ಫಾರಂ ಮುಗಿಯುತ್ತದೆ. ಏಳು ಅಂಕ.

"ಎಷ್ಟು ಬಿದ್ವು?"

"ಏಳು, ಆಯಿ."

ಮಾನಮ್ಮ ನಿಧಾನವಾಗಿ ಚಂದಮ್ಮನ ಕಡೆ ತಿರುಗುತ್ತಾರೆ. "ಕೇಳಿದೇನು? ಏಳು. ನಿಂದು ಎಷ್ಟಂದಿ?"

"ಹೋಗ ನಿನ್ನ!" ಎಂದು ಚಂದಮ್ಮ ಬಾಳೆ ಸಿಪ್ಪೆ ಎಸೆಯುತ್ತಾರೆ. ಶೆಡ್ಡಿನ ಹೆಂಗಸರು ಮಾನಮ್ಮನ ಹೆಗಲು ತಟ್ಟುತ್ತಾರೆ.

ಲಾರಿಯ ಹಿಂಬಾಗಿಲು ಮುಚ್ಚುವ ಹೊತ್ತಿಗೆ ಕೌಸರ್ ರಟ್ಟು ಚೀಲಕ್ಕೆ ಸೇರಿಸಿ ರಸ್ತೆಗೆ ಬರುತ್ತಾಳೆ. ಬಸ್ಸಿಗೆ ಕಾಯುತ್ತ ನಿಂತಾಗ, ಹೊಸ ಫಾರಂನಲ್ಲೂ ಆರು ಮುಟ್ಟದ ಇಪ್ಪತ್ತೊಂದು ಮಂದಿಯ ಮಾತು ತಾನಾಗಿಯೇ ತೆಗೆಯುತ್ತಾಳೆ. ಅವರ ಹೆಸರುಗಳು ಆಕೆಗೆ ಬಾಯಿಪಾಠ. ಕೆಲವರು ಇನ್ಸುಲಿನ್ ಪೆನ್ನಿನ ಮೇಲಿನ ಗೆರೆ ತಪ್ಪಿ ಓದುತ್ತಾರೆ, ಕೆಲವರಿಗೆ ಕಣ್ಣು ಕಾಣದು. "ಅವರಿಗೆ ಖರೇನ ವಾರಕ್ಕೊಮ್ಮೆ ನರ್ಸ್ ನೋಡಬೇಕ್ರಿ. ಅಂಕ ಕೊಟ್ಟು ಕಳಿಸಿದ್ರ ನಾ ಅವರಿಗೆ ಕೇಡು ಮಾಡಿದಂಗ. ಆದ್ರ ಅದಕ್ಕಂತ ಅವರ ಸೋಮವಾರ ಯಾಕ ಹೋಗಬೇಕು? ಅವರಿಗೂ ಹೊಲ ಅವ, ಕೂಲಿ ಅದ."

ಕಮಲಾಪುರದಲ್ಲೇ ಸೋಮವಾರಕ್ಕೊಬ್ಬ ನರ್ಸ್ ಇರಲಿ ಎಂದು ಆಸ್ಪತ್ರೆಗೆ ಅರ್ಜಿ ಕೊಟ್ಟಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಕೊನೆಯ ಪರೀಕ್ಷೆಗೆ ಎರಡು ತಿಂಗಳಿದೆ, ಆಮೇಲೆ ಕೌಸರ್ ನರ್ಸ್.

ದೂರದಲ್ಲಿ ಬಸ್ಸು ಕಾಣುತ್ತದೆ. ಆಕೆ ಕೈ ಎತ್ತಿ ಅಡ್ಡ ಹಿಡಿಯುತ್ತಾಳೆ.

"ದೊಡ್ಡದೇನು ಬ್ಯಾಡ್ರಿ. ಇಲ್ಲಿ ಒಂದು ಕುರ್ಚಿ ಹಾಕ್ಲಿ ಸಾಕು," ಎನ್ನುತ್ತಾಳೆ ಮೆಟ್ಟಿಲ ಮೇಲೆ ಕಾಲಿಡುತ್ತ. "ಕೂಡಾಕ ನಾ ಬರ್ತೀನಿ."